ಕೈಲಿ ಫೋನ್ ಇತ್ತು, ಏನು ಮಾಡಬೇಕು ಅಂತ ಗೊತ್ತಿರಲಿಲ್ಲ: ಪ್ರಥಮ ಚಿಕಿತ್ಸೆ ಕಲಿಸೋ ಆಪ್ ಮಾಡ್ತಿದ್ದೀವಿ, ತಿದ್ದಿ ಕೊಡಿ

ಕೊರಟಗೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ಉದ್ದ ಬರೆದಿದ್ದೀನಿ, ದಯವಿಟ್ಟು ಪೂರ್ತಿ ಓದಿ ಹೇಳಿ.

ಹೋದ ವರ್ಷ ಕಾರ್ತೀಕದಲ್ಲಿ ನಮ್ಮ ಚಿಕ್ಕಪ್ಪನಿಗೆ ಅಡಿಕೆ ತೋಟದಲ್ಲಿ ಕೊಳಕುಮಂಡಲ ಕಚ್ಚಿತು. ಸಂಜೆ ಆರೂವರೆ ಇರಬೇಕು, ನೀರು ಕಟ್ಟೋಕೆ ಹೋಗಿದ್ದರು. ಕೂಗು ಕೇಳಿ ಓಡಿದೆ. ನಾನು ಹೋಗೋ ಹೊತ್ತಿಗೆ ಚಿಕ್ಕಮ್ಮ ಹಸು ಕಟ್ಟೋ ನೈಲಾನ್ ಹಗ್ಗ ತಂದು ಮೊಣಕಾಲ ಕೆಳಗೆ ಬಿಗಿದು, ಇನ್ನೊಂದು ಸುತ್ತು ಹಾಕಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೀತಿದ್ದರು. ಪಕ್ಕದ ತೋಟದವರು ಬ್ಲೇಡ್ ಹಿಡಿದು ನಿಂತಿದ್ದರು. ನನ್ನ ಕೈಲಿ ಫೋನ್. ಬೆಂಗಳೂರಲ್ಲಿ ಆರು ವರ್ಷದಿಂದ ಸಾಫ್ಟ್‌ವೇರ್ ಕೆಲಸ ನನ್ನದು. ಹುಡುಕಿದೆ. ಮೊದಲು ಜಾಹೀರಾತು ಬಂತು, ಆಮೇಲೆ ಹನ್ನೊಂದು ನಿಮಿಷದ ಒಂದು ಇಂಗ್ಲಿಷ್ ವಿಡಿಯೋ. ತೋಟದಲ್ಲಿ ಸಿಗ್ನಲ್ ಒಂದೇ ಕಡ್ಡಿ. ವಿಡಿಯೋ ಸುತ್ತುತ್ತಾ ಸುತ್ತುತ್ತಾ ನಿಂತೇ ಹೋಯಿತು. ಬ್ಲೇಡ್ ಹಾಕೋದನ್ನು ಹೇಗೋ ತಡೆದೆ, ಹಗ್ಗ ಬೇಡ ಅನ್ನೋಕೆ ನನಗೇ ಧೈರ್ಯ ಬರಲಿಲ್ಲ, ಯಾಕಂದರೆ ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆ ಸೇರೋ ಹೊತ್ತಿಗೆ ಹಗ್ಗ ಬಿಗಿದು ಒಂದೂವರೆ ಗಂಟೆ ಆಗಿತ್ತು. ಜೀವ ಉಳೀತು. ಪಾದದ ಮಾಂಸ ಕೊಳೆತು ಎರಡು ಸಲ ಆಪರೇಷನ್ ಆಯ್ತು, ಎರಡು ಬೆರಳು ಹೋದವು. ಈಗಲೂ ಬದುವಿನ ಮೇಲೆ ನಡೆಯೋವಾಗ ಕಾಲು ಎಳೀತಾರೆ. ಚಿಕ್ಕಮ್ಮ ಆ ಹಗ್ಗವನ್ನು ಕೊಟ್ಟಿಗೆಯಲ್ಲಿ ಇಟ್ಟುಕೊಂಡಿಲ್ಲ, ಸುಟ್ಟುಬಿಟ್ಟರು.

ಅದಕ್ಕೇ ನಾನೂ ಇಬ್ಬರು ಗೆಳೆಯರೂ ಶನಿವಾರ, ಭಾನುವಾರ ಕೂತು ಆಪ್ ಮಾಡ್ತಿದ್ದೀವಿ. ದುಡ್ಡಿಗಲ್ಲ, ಜಾಹೀರಾತೂ ಇರಲ್ಲ. ರೆಡ್ ಕ್ರಾಸ್‌ನವರ ಆಪ್ ಇದೆ ಅಂತ ಗೊತ್ತು, ಒಳ್ಳೆಯ ಕೆಲಸ ಅದು. ಆದರೆ ನಮ್ಮ ತೋಟ, ನಮ್ಮ ಹೊಂಡ, ನಮ್ಮ ಮಾತಿಗೆ ಹೊಂದೋ ಅಂಥದ್ದು ಬೇಕು ಅಂತ ನಮ್ಮ ಆಸೆ. ಮೊದಲ ಮಾದರಿಯಲ್ಲಿ 24 ವಿಷಯ ಹಾಕಿದ್ದೀವಿ. ಪ್ರತಿಯೊಂದಕ್ಕೂ ಪಾಠ, ಕೊನೆಗೆ ಪ್ರಶ್ನೆ, ಸರಿ ಉತ್ತರಕ್ಕೆ ಅಂಕ, ಪದಕ. ಪರದೆಗಳ ಚಿತ್ರ ಕೆಳಗೆ ಹಾಕಿದ್ದೀನಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇಲ್ಲಿ ಜಾಸ್ತಿ ಇದ್ದೀರ. ಮುಲಾಜಿಲ್ಲದೆ ಹೇಳಿ.

ಮಧುಗಿರಿ ಮೇಷ್ಟ್ರು

ನಿಮ್ಮ ಚಿಕ್ಕಪ್ಪನವರ ವಿಷಯ ಓದಿ ಮನಸ್ಸಿಗೆ ನೋವಾಯಿತು. ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ, ಬಿಡಬೇಡಿ.

ಒಂದು ಮಾತು ಭಾಷೆಯ ಬಗ್ಗೆ. ನಿಮ್ಮ ಪರದೆಯಲ್ಲಿ ‘ರೋಗಿಯನ್ನು ಚೇತರಿಕೆಯ ಸ್ಥಾನದಲ್ಲಿ ಇರಿಸಿ’ ಎಂದಿದೆ. ನಾನು ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು, ನನಗೇ ಅರ್ಥವಾಗಲಿಲ್ಲ. ‘ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ’ ಅನ್ನಿ. ‘ಎದೆಗೂಡಿನ ಸಂಕೋಚನ’ ಬೇಡ, ‘ಎದೆ ಒತ್ತಿ’ ಸಾಕು. ‘ಪ್ರಜ್ಞಾಹೀನ’ ಅನ್ನೋದನ್ನು ಯಾರು ಮಾತಾಡ್ತಾರೆ? ‘ಎಚ್ಚರ ತಪ್ಪಿದೆ’. ಗಾಬರಿಯಲ್ಲಿರುವವನ ಕಣ್ಣಿಗೆ ಅವನ ಮನೆಯ ಮಾತೇ ಬೇಗ ಕಾಣೋದು.

ಶ್ರೀನಿವಾಸಪುರ ಮಾವು

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸ್ತೀನಿ. ‘ಕೀಟನಾಶಕ ವಿಷ ಸೇವನೆ’ ಅಂತ ಒಂದು ಬಟನ್ ಇಟ್ಟಿದ್ದೀರಲ್ಲ ತಮ್ಮ, ನಮ್ಮ ಕಡೆ ಯಾರೂ ಅದನ್ನು ಒತ್ತಲ್ಲ. ನಾವು ಹೇಳೋದು ‘ಔಷಧಿ’. ಟೊಮೆಟೊಗೆ ಔಷಧಿ ಹೊಡೀತೀವಿ, ಮಾವಿಗೆ ಔಷಧಿ ಹೊಡೀತೀವಿ. ಮನೆಯಲ್ಲಿ ಜಗಳ ಆಗಿ ಯಾರೋ ಕುಡಿದರೂ ‘ಔಷಧಿ ಕುಡಿದುಬಿಟ್ಟ’ ಅಂತಲೇ ಅಳೋದು. ‘ಔಷಧಿ ಹೊಡೆಯುವಾಗ ತಲೆ ಸುತ್ತಿದೆ’, ‘ಔಷಧಿ ಕುಡಿದಿದ್ದಾರೆ’ ಅಂತ ಎರಡು ಬಟನ್ ಬೇಕು. ಎರಡೂ ಬೇರೆ ಬೇರೆ.

ಹುಣಸೆ ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸೋದನ್ನು ಚಿಕ್ಕಂದಿನಿಂದ ನೋಡಿದ್ದೀನಿ. ಅದು ಸರಿಯೋ ತಪ್ಪೋ ಡಾಕ್ಟ್ರು ಯಾರಾದರೂ ಇದ್ದರೆ ಹೇಳಲಿ.

ತಾಲೂಕು ಆಸ್ಪತ್ರೆ ವೈದ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ತಪ್ಪು. ವಾಂತಿ ಮಾಡಿಸಲೇಬೇಡಿ. ಅರೆ ಎಚ್ಚರದಲ್ಲಿರುವವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ. ಔಷಧಿ ಚರ್ಮದಿಂದಲೂ ಒಳಗೆ ಹೋಗ್ತಾ ಇರುತ್ತೆ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಕವರ್ ಆದರೂ ಹಾಕಿಕೊಳ್ಳಲಿ. ಮಗ್ಗುಲಿಗೆ ಮಲಗಿಸಿ, ಡಬ್ಬಿಯನ್ನು ಜೊತೆಗೆ ತನ್ನಿ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತೆ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯಬಹುದು ಅಂತಲ್ಲ. ಆದರೆ ಆ ಲೇಬಲ್ ನಮ್ಮ ಕೈಗೆ ಸಿಕ್ಕರೆ ಯಾವ ವಿಷ ಅಂತ ಊಹೆ ಮಾಡುವ ಕಾಲ ಉಳಿಯುತ್ತೆ. ಆ ಪುಟದ ಕೊನೆಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿ. ಬದುಕಿ ಮನೆಗೆ ಹೋದ ಮೇಲೂ ಮಾತಾಡೋಕೆ ಒಬ್ಬರು ಬೇಕಾಗುತ್ತೆ.

ಈಗ ಹಾವಿನ ವಿಷಯ, ಇದನ್ನು ಸಾವಕಾಶವಾಗಿ ಬರೀತೀನಿ. ಕೊಳಕುಮಂಡಲದ ವಿಷ ತಾನೇ ಮಾಂಸವನ್ನು ಕೊಳೆಸುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ. ಮೇಲೆ ಹಗ್ಗ ಬಿಗಿದರೆ ರಕ್ತ ಓಡಾಡಲ್ಲ, ವಿಷವೂ ಒಂದೇ ಕಡೆ ನಿಂತು ಅಲ್ಲೇ ತಿನ್ನುತ್ತೆ. ನಿಮ್ಮ ಚಿಕ್ಕಪ್ಪನವರ ಬೆರಳು ಹೋಗಿದ್ದರಲ್ಲಿ ಹಗ್ಗದ್ದೆಷ್ಟು, ಹಾವಿನದೆಷ್ಟು ಅಂತ ಯಾರಿಂದಲೂ ಹೇಳಕ್ಕಾಗಲ್ಲ. ನಿಮ್ಮ ಚಿಕ್ಕಮ್ಮನವರಿಗೆ ದಯವಿಟ್ಟು ಇದನ್ನು ಹೇಳಿ.

ಕಚ್ಚಿದ ಕೈಕಾಲು ಅಲ್ಲಾಡಬಾರದು. ಉಂಗುರ, ಕಾಲುಂಗುರ, ಬಳೆ ಕೂಡಲೇ ತೆಗೀಬೇಕು, ಬಾತುಕೊಂಡ ಮೇಲೆ ಬರಲ್ಲ. ನಡೆಸಬಾರದು, ಹೊತ್ತುಕೊಂಡು ಬನ್ನಿ. ಈಗಾಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಏಕಾಏಕಿ ಬಿಚ್ಚಬೇಡಿ, ನಾವು ನೋಡಿಕೊಂಡು ಬಿಚ್ಚುತ್ತೇವೆ. ಹಾವನ್ನು ಹೊಡೆದು ಕವರ್‌ನಲ್ಲಿ ತರಬೇಡಿ, ಸತ್ತ ಹಾವೂ ಕಚ್ಚಿದ್ದುಂಟು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ನಾವು ಲಕ್ಷಣ ನೋಡಿ ಕೊಡುತ್ತೇವೆ. ಒಂದು ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತೇವೆ. ಹೆಪ್ಪುಗಟ್ಟದೆ ನೀರಾಗಿಯೇ ಇದ್ದರೆ ಮಂಡಲದ ವಿಷ ಏರಿದೆ ಅಂತ ಗೊತ್ತಾಗುತ್ತೆ. ನಮ್ಮ ರಾಜ್ಯದಲ್ಲಿ 2024ರಿಂದ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು. ಅಷ್ಟು ದೊಡ್ಡ ವಿಷಯ ಇದು.

ಅಂದ ಹಾಗೆ, ನಿಮ್ಮ ಸುಟ್ಟಗಾಯದ ಪುಟದಲ್ಲಿ ‘ಐಸ್ ಇಡಿ’ ಅಂತಿದೆ. ಇವತ್ತೇ ತೆಗೆಯಿರಿ. ಹರಿಯುವ ತಣ್ಣೀರು, 20 ನಿಮಿಷ. ಐಸ್ ಇಟ್ಟರೆ ಗಾಯ ಇನ್ನೂ ಆಳಕ್ಕೆ ಹೋಗುತ್ತೆ.

ಕೊರಟಗೆರೆ ಹುಡುಗ

ಮೇಡಂ, ಐಸ್ ತೆಗೆದೆ. ಎಲ್ಲೋ ಓದಿದ್ದನ್ನು ನಂಬಿ ಹಾಕಿಬಿಟ್ಟಿದ್ದೆ. ನಮ್ಮ ಕೈಯಿಂದಲೇ ಯಾರಿಗಾದರೂ ತೊಂದರೆ ಆಗಿದ್ದರೆ ಅಂತ ನೆನೆಸಿಕೊಂಡರೆ ಮೈ ನಡುಗುತ್ತೆ. ಇನ್ನು ಮೇಲೆ ಡಾಕ್ಟರ್ ಓದಿ ಒಪ್ಪದೆ ಒಂದು ಸಾಲೂ ಒಳಗೆ ಹೋಗಲ್ಲ. ಪ್ರತಿ ಪುಟದ ಕೆಳಗೂ ‘ವೈದ್ಯರು ನೋಡಿದ ದಿನಾಂಕ’ ಇರುತ್ತೆ.

ಚಿಕ್ಕಮ್ಮನಿಗೆ ನೀವು ಬರೆದಿದ್ದನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದರು.

ಪಾವಗಡ ಕಡಲೆಕಾಯಿ

ಒಂದು ಪ್ರಶ್ನೆ. ‘ಕಟ್ಟಬೇಡಿ’ ಅಂದರೆ ಜನ ಕಟ್ಟೋದು ನಿಲ್ಲಿಸ್ತಾರಾ? ನಮ್ಮಲ್ಲಿ ಕಡಲೆಕಾಯಿ ಕೀಳೋ ಕಾಲದಲ್ಲಿ ವರ್ಷಕ್ಕೊಬ್ಬರಿಗಾದರೂ ಕಚ್ಚುತ್ತೆ. ಕಟ್ಟಬಾರದು ಅಂತ ಆಸ್ಪತ್ರೆ ಗೋಡೆ ಮೇಲೆ ಬರೆದಿದೆ, ಓದಿದವರೇ ಕಟ್ಟುತ್ತಾರೆ. ನಾನೂ ಕಟ್ಟಿದ್ದೀನಿ. ಯಾಕೆ ಗೊತ್ತಾ? ಅಣ್ಣ ಎದುರಿಗೆ ಬಿದ್ದು ಒದ್ದಾಡ್ತಿರುವಾಗ ಸುಮ್ಮನೆ ನಿಲ್ಲೋಕೆ ಆಗಲ್ಲ. ಕೈ ಏನಾದರೂ ಮಾಡಬೇಕು ಅನ್ನುತ್ತೆ. ಕೈಗೆ ಗೊತ್ತಿರೋದು ಕಟ್ಟೋದೊಂದೇ.

ಆಶಾ ಅಕ್ಕ, ಬಾಗೇಪಲ್ಲಿ ಕಡೆ

ಪಾವಗಡದ ಅಣ್ಣ ನನ್ನ ಬಾಯಿಂದ ಮಾತು ಕಿತ್ತುಕೊಂಡರು. ಹದಿಮೂರು ವರ್ಷದಿಂದ ಮನೆ ಮನೆ ತಿರುಗ್ತಿದ್ದೀನಿ. ‘ಬೇಡ’ ಅಂತ ಹೇಳಿ ಬಂದ ಕಡೆ ಏನೂ ಬದಲಾಗಿಲ್ಲ. ‘ಅದರ ಬದಲು ಇದು ಮಾಡು’ ಅಂದ ಕಡೆ ಬದಲಾಗಿದೆ. ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಡಿ ಅಂತ ಎಷ್ಟು ಹೇಳಿದರೂ ಪೇಸ್ಟ್ ಹುಡುಕುತ್ತಿದ್ದರು, ಇಲ್ಲದಿದ್ದರೆ ಇಂಕು, ದೋಸೆ ಹಿಟ್ಟು. ಆಮೇಲೆ ‘ಸುಟ್ಟ ತಕ್ಷಣ ಮಗೂನ ತೊಟ್ಟಿ ಹತ್ತಿರ ಎತ್ತಿಕೊಂಡು ಹೋಗಿ, ಚೊಂಬಲ್ಲಿ ನೀರು ಹುಯ್ಯಿರಿ, ಇನ್ನೂರು ಚೊಂಬು’ ಅಂದೆ. ನಿಮಿಷ ಯಾರು ನೋಡ್ತಾರೆ, ಚೊಂಬು ಎಣಿಸ್ತಾರೆ. ಈಗ ನಮ್ಮ ಊರಲ್ಲಿ ನೀರು ಹುಯ್ದು ಆಮೇಲೆ ನನಗೆ ಫೋನ್ ಮಾಡ್ತಾರೆ.

ಹಾವಿಗೂ ಹಾಗೇ ಮಾಡಿ. ಕಟ್ಟೋ ಕೈಗೆ ಬೇರೆ ಕಟ್ಟೋ ಕೆಲಸ ಕೊಡಿ.

ತಾಲೂಕು ಆಸ್ಪತ್ರೆ ವೈದ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ಅಕ್ಕಾ, ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಹೌದು, ಕೆಲಸ ಇದೆ. ಕಾಲು ಮುರಿದಾಗ ಕಟ್ಟುವ ಹಾಗೆ ಕಾಲಿನ ಪಕ್ಕಕ್ಕೆ ಒಂದು ಪಟ್ಟಿ ಇಟ್ಟು, ಟವಲ್ ಅಥವಾ ಪಂಚೆಯಿಂದ ಉದ್ದಕ್ಕೂ ಸಡಿಲವಾಗಿ ಸುತ್ತಬೇಕು. ಸುತ್ತಿನೊಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು. ಇದು ವಿಷ ತಡೆಯೋಕಲ್ಲ, ಕಾಲು ಅಲ್ಲಾಡದೆ ಇರೋಕೆ. ಆಪ್‌ನಲ್ಲಿ ‘ಕಟ್ಟಬೇಡಿ’ ಅನ್ನುವುದಕ್ಕಿಂತ ಮೊದಲು ‘ಒಂದು ಪಟ್ಟಿ ತನ್ನಿ, ಒಂದು ಟವಲ್ ತನ್ನಿ’ ಅಂತ ಬರಲಿ.

ಕೊರಟಗೆರೆ ಹುಡುಗ

ನಮ್ಮ ತೋಟದಲ್ಲಿ ಅಡಿಕೆ ದಬ್ಬೆ ಎಲ್ಲೆಲ್ಲೂ ಬಿದ್ದಿರುತ್ತೆ! ಆ ಸಂಜೆಯೂ ಚಿಕ್ಕಪ್ಪನ ಪಕ್ಕದಲ್ಲೇ ಬಿದ್ದಿತ್ತು.

ಈ ಒಂದು ಮಾತಿನಿಂದ ಆಪ್‌ನ ಹಣೆಬರಹವೇ ಬದಲಾಯ್ತು. ಇನ್ನು ಪ್ರತಿ ಪುಟವನ್ನೂ ಹೀಗೆ ಬರೀತೀವಿ: ಗಾಬರಿಯಲ್ಲಿ ಕೈ ಮೊದಲು ಎಲ್ಲಿಗೆ ಹೋಗುತ್ತೆ, ಅದೇ ಕೈಗೆ ಯಾವ ಕೆಲಸ ಕೊಡಬೇಕು. ಪಿಟ್ಸ್ ಬಂದಾಗ ಕೈ ಬೀಗದ ಕೈ ಹುಡುಕುತ್ತೆ. ಅದಕ್ಕೆ ಬದಲು ಏನು? ನಾಯಿ ಕಚ್ಚಿದಾಗ ಖಾರದ ಪುಡಿ, ಸುಣ್ಣ. ಬದಲು ಏನು? ನಿಮ್ಮ ನಿಮ್ಮ ಊರಲ್ಲಿ ಕೈ ಎಲ್ಲಿಗೆ ಹೋಗುತ್ತೆ ಅಂತ ಎಲ್ಲರೂ ಬರೀರಿ, ನನಗೆ ಅದೇ ಬೇಕು.

ಚಿಂತಾಮಣಿ ಡ್ರೈವರ್

ಪಿಟ್ಸ್ ಬಂದರೆ ಕಬ್ಬಿಣ ಕೊಡ್ತಾರೆ, ಚಪ್ಪಲಿ ಮೂಸಿಸ್ತಾರೆ, ಈರುಳ್ಳಿ ಹಿಂಡ್ತಾರೆ. ನನ್ನ ತಂಗಿಗೆ ಪಿಟ್ಸ್ ಇದೆ, ಎಲ್ಲಾ ನೋಡಿದ್ದೀನಿ. ಒಬ್ಬರು ಬಾಯಿಗೆ ಚಮಚ ತುರುಕಿ ಹಲ್ಲು ಮುರಿದರು. ಡಾಕ್ಟ್ರು ನಮಗೆ ಹೇಳಿಕೊಟ್ಟಿದ್ದು ಇಷ್ಟೇ: ತಲೆ ಕೆಳಗೆ ಮಡಿಸಿದ ಬಟ್ಟೆ, ಸುತ್ತ ಇರೋ ಕಲ್ಲು, ಕುರ್ಚಿ ದೂರ, ಕೈಕಾಲು ಹಿಡಿದು ಅದುಮಬೇಡಿ, ಅದುರೋದು ನಿಂತ ಮೇಲೆ ಮಗ್ಗುಲಿಗೆ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಆ ಬೀಗದ ಕೈ ಹಿಡಿದ ಮನುಷ್ಯನಿಗೆ ‘ನೀನು ಗಡಿಯಾರ ನೋಡು’ ಅಂತ ಕೆಲಸ ಕೊಡಬಹುದು.

ಇನ್ನೊಂದು ನನ್ನ ಹೊಟ್ಟೆಯ ಪ್ರಶ್ನೆ. ಹೈವೇಲಿ ದಿನಾ ಓಡಾಡ್ತೀನಿ. ಬಿದ್ದವರನ್ನು ಎತ್ತೋಕೆ ಭಯ. ಒಂದು ಸಲ ಎತ್ತಿ ಆಸ್ಪತ್ರೆಗೆ ಸೇರಿಸಿದ್ದಕ್ಕೆ ಅರ್ಧ ದಿನ ಕೂರಿಸಿಕೊಂಡು ನಾನೇ ಗುದ್ದಿದೆ ಅನ್ನೋ ಥರ ಕೇಳಿದರು. ಎಲ್ಲಿ ಅಂತ ಬೇಡ ಬಿಡಿ. ಆಪ್ ಕಲಿಸುತ್ತೆ, ಆಮೇಲೆ ನಮ್ಮನ್ನು ಕಾಯೋರು ಯಾರು?

ಮಧುಗಿರಿ ಮೇಷ್ಟ್ರು

ಡ್ರೈವರ್ ಸಾಹೇಬರೇ, ಕಾನೂನು ಈಗ ನಿಮ್ಮ ಕಡೆಗಿದೆ. ಸುಪ್ರೀಂ ಕೋರ್ಟ್ 2016ರ ಮಾರ್ಚ್ 30ರಂದು ಇದಕ್ಕೆ ಮಾರ್ಗಸೂಚಿ ಖಾಯಂ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. ನಮ್ಮ ರಾಜ್ಯದ್ದೇ ಬೇರೆ ಕಾಯ್ದೆಯೂ ಇದೆ. ಗಂಭೀರ ಅಪಘಾತದಲ್ಲಿ ಬೇಗ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರದ ‘ರಾಹ್‌ವೀರ್’ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಉಂಟು. ಅಪಘಾತದ ಪುಟದ ಮೊದಲ ಸಾಲಿನಲ್ಲೇ ‘ಎತ್ತಿದವರ ಮೇಲೆ ಕೇಸಿಲ್ಲ, ಕಲಂ 134ಎ’ ಎಂದು ದಪ್ಪಕ್ಷರದಲ್ಲಿ ಇರಲಿ. ಯಾರಾದರೂ ಕೇಳಿದರೆ ಪರದೆ ತೋರಿಸಬಹುದು.

108ರಲ್ಲಿದ್ದವನು

ಆಂಬುಲೆನ್ಸ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಈಗ ಬಿಟ್ಟಿದ್ದೀನಿ. 108 ನಮ್ಮ ರಾಜ್ಯದಲ್ಲಿ 2008ರ ನವೆಂಬರ್‌ನಿಂದ ಓಡ್ತಿದೆ, ಆದರೂ ಫೋನ್ ಮಾಡಿದವರಿಗೆ ತಾವು ಎಲ್ಲಿದ್ದೀವಿ ಅಂತ ಹೇಳೋಕೆ ಬರಲ್ಲ. ‘ಬೇಗ ಬನ್ನಿ ಸಾರ್, ನಮ್ಮ ತೋಟ’ ಅಂತಾರೆ. ಯಾರ ತೋಟ? ಆಪ್ ತೆರೆದ ಕೂಡಲೇ ಮೇಲ್ಗಡೆ 108 ಬಟನ್, ಅದರ ಕೆಳಗೆ ಓದಿ ಹೇಳೋಕೆ ತಯಾರಾಗಿ ಊರಿನ ಹೆಸರು ಇರಲಿ. ಯಾವ ಗೇಟ್, ಗೇಟಿಂದ ಎಡಕ್ಕೋ ಬಲಕ್ಕೋ, ಗುರುತಿಗೆ ಡೈರಿನೋ ಗುಡಿನೋ. ಇದನ್ನು ಮನೆಯವರು ಮೊದಲೇ ಒಂದು ಸಲ ಬರೆದಿಟ್ಟುಕೊಳ್ಳೋ ಹಾಗೆ ಮಾಡಿ. ಆಮೇಲೆ ‘ಒಬ್ಬರನ್ನು ಟಾರ್ಚ್ ಕೊಟ್ಟು ಗೇಟಿಗೆ ಕಳಿಸಿ’ ಅಂತ ಹೇಳಿಸಿ. ಅಳುತ್ತಾ ಸುತ್ತ ನಿಂತಿರೋ ಹತ್ತು ಜನದಲ್ಲಿ ಒಬ್ಬನಿಗೆ ಕೆಲಸ ಸಿಗುತ್ತೆ, ನಮಗೆ ಹತ್ತು ನಿಮಿಷ ಉಳಿಯುತ್ತೆ.

ಕೃಷಿ ಹೊಂಡ ನಿಮ್ಮ ಪಟ್ಟಿಯಲ್ಲಿ ಇಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮಾಡೋ ಆಪ್‌ನಲ್ಲಿ ಅದಿಲ್ಲ ಅಂದರೆ ಹೇಗೆ? ಹೊಂಡಕ್ಕೆ ಟಾರ್ಪಲ್ ಹಾಸಿರ್ತಾರೆ. ಪಾಚಿ ಕಟ್ಟಿದ ಮೇಲೆ ಅದು ಗಾಜಿನ ಥರ ಜಾರುತ್ತೆ. ಮಗು ಜಾರುತ್ತೆ, ಹಿಂದೆ ಅಮ್ಮ ಹಾರ್ತಾಳೆ, ಆಮೇಲೆ ಅಪ್ಪ. ಈಜು ಬಂದವರಿಗೂ ಅದರಲ್ಲಿ ಮೇಲೆ ಹತ್ತೋಕೆ ಹಿಡಿತ ಸಿಗಲ್ಲ. ನಾನು ನೋಡಿದ್ದನ್ನು ಬರೆಯೋಕೆ ಆಗಲ್ಲ.

ಅಲ್ಲೂ ಅಕ್ಕ ಹೇಳಿದ್ದೇ. ‘ಹಾರಬೇಡಿ’ ಅಂದರೆ ಹೆತ್ತವಳು ಕೇಳಲ್ಲ. ಹಾರೋ ಬದಲು ಎಸೆಯೋಕೆ ಒಂದು ವಸ್ತು ಅಲ್ಲೇ ಇರಬೇಕು. ಐದು ಲೀಟರ್ ಎಣ್ಣೆ ಕ್ಯಾನ್ ಖಾಲಿ ಮಾಡಿ, ಮುಚ್ಚಳ ಗಟ್ಟಿ ಹಾಕಿ, ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಬದುವಿನ ಗೂಟಕ್ಕೆ ಬಿಗಿದು ಬಿಡಿ. ಖರ್ಚು ಹಗ್ಗದ್ದು ಮಾತ್ರ. ಹಗ್ಗ ಇಲ್ಲದ ಹೊತ್ತಲ್ಲಿ ಸೀರೆ ಎಸೀರಿ, ಹೊಟ್ಟೆ ಮೇಲೆ ಮಲಗಿ ಎಸೀರಿ, ನಿಂತು ಎಳೆದರೆ ನೀವೂ ಜಾರ್ತೀರ.

ಮೇಲೆ ತಂದ ಮೇಲೆ ಮಗೂನ ತಲೆಕೆಳಗು ಮಾಡಿ ತಿರುಗಿಸ್ತಾರೆ, ಹೊಟ್ಟೆ ಅದುಮ್ತಾರೆ. ಅಷ್ಟರಲ್ಲಿ ಇದ್ದ ಕಾಲ ಮುಗಿದಿರುತ್ತೆ. ಉಪ್ಪಿನಲ್ಲಿ ಹೂತಿಟ್ಟರೆ ಮುಳುಗಿದವರು ಬದುಕ್ತಾರೆ ಅಂತ ವಾಟ್ಸಾಪ್ ಮೆಸೇಜ್ ಒಂದು ಓಡಾಡುತ್ತೆ. ನಮ್ಮ ರಾಜ್ಯದಲ್ಲೇ ಮಕ್ಕಳನ್ನು ಮೂಟೆಗಟ್ಟಲೆ ಉಪ್ಪಿನಲ್ಲಿಟ್ಟು ಗಂಟೆಗಟ್ಟಲೆ ಕಾದ ತಂದೆತಾಯಿಗಳಿದ್ದಾರೆ. ಆ ಮೆಸೇಜ್ ಕಳಿಸಿದವರಿಗೆ ನಾನು ಕ್ಷಮಿಸಲ್ಲ.

ತಾಲೂಕು ಆಸ್ಪತ್ರೆ ವೈದ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ಮುಳುಗಿದವರಿಗೆ ಉಸಿರು ಮುಖ್ಯ. ಎದೆ ಒತ್ತುವುದಷ್ಟೇ ಸಾಲದು, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಮೊದಲು ಅದನ್ನೇ ಕೊಡಬೇಕು. ಆಮೇಲೆ 30 ಸಲ ಒತ್ತಿ 2 ಉಸಿರು. ಮೈಯೊಳಗಿನ ಆಮ್ಲಜನಕವೇ ಮುಗಿದಿರುತ್ತೆ, ಬರೀ ರಕ್ತ ಓಡಿಸಿ ಏನು ಪ್ರಯೋಜನ. ಹೃದಯ ನಿಂತು ಕಣ್ಣೆದುರೇ ಕುಸಿದು ಬಿದ್ದ ದೊಡ್ಡವರಿಗಾದರೆ ಎದೆ ಒತ್ತುವುದೊಂದೇ ಸಾಕು. ಅರಿವಳಿಕೆ ತಜ್ಞರ ಸಂಘದ ಕಡೆಯಿಂದ ಜನಸಾಮಾನ್ಯರಿಗಾಗಿ 2017ರಲ್ಲಿ ಬಂದ ಭಾರತೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತೆ.

ಇದಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಕೊಡಿ. ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರರಲ್ಲಿ ಏಳರಿಂದ ಹತ್ತರಷ್ಟು ಕಮ್ಮಿಯಾಗುತ್ತೆ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಎಷ್ಟೋ ಜನ ಇಸಿಜಿ ಮಾಡಿಸಿಕೊಳ್ಳೋಕೆ ಬಂದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಿಂದ ಈಗ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುತ್ತೆ. ಆದರೆ ದಾರಿಯಲ್ಲೇ ಹೃದಯ ನಿಂತರೆ ನಮ್ಮ ಇಂಜೆಕ್ಷನ್ ಏನು ಮಾಡುತ್ತೆ? ಆಗ ಬೇಕಾಗಿರೋದು ಪಕ್ಕದಲ್ಲಿದ್ದವರ ಎರಡು ಕೈ.

ಇಲ್ಲಿ ಕೈ ಎಲ್ಲಿಗೆ ಹೋಗುತ್ತೆ ಅಂತ ಕೇಳಿದಿರಲ್ಲ. ನೀರಿನ ಲೋಟಕ್ಕೆ. ಕುಸಿದವರು ಆಗಾಗ ಬಾಯಿ ತೆರೆದು ಒಂದು ಉಸಿರು ಎಳೀತಾರೆ. ಅದನ್ನು ನೋಡಿ ‘ಇನ್ನೂ ಉಸಿರಿದೆ, ಬಾಯಿಗೆ ನೀರು ಬಿಡಿ’ ಅಂತಾರೆ. ಅದು ಉಸಿರಾಟವಲ್ಲ. ಎಚ್ಚರ ಇಲ್ಲ, ಉಸಿರು ಸರಿಯಾಗಿ ಆಡ್ತಿಲ್ಲ ಅಂದರೆ ಎದೆ ಒತ್ತಲು ಶುರು ಮಾಡಿ.

ಕೊರಟಗೆರೆ ಹುಡುಗ

ಒತ್ತೋ ವೇಗ ನಿಮಿಷಕ್ಕೆ 100ರಿಂದ 120, ಆಳ ಐದು ಸೆಂಟಿಮೀಟರ್, ಆರು ದಾಟಬಾರದು ಅಂತ ಹಾಕಿದ್ದೀವಿ. ವೇಗಕ್ಕೆ ಫೋನ್ ಬೀಪ್ ಬೀಪ್ ಅನ್ನುತ್ತೆ. ಗೆಳೆಯನೊಬ್ಬ ಬೀಪ್ ಬದಲು ತಮಟೆ ಏಟು ಹಾಕೋಣ ಅಂದ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂದಿದೆ, ನಮ್ಮ ಸೀಮೆಯ ನಾದ ಅದು, ಗಲಾಟೆಯಲ್ಲೂ ಕೇಳುತ್ತೆ. ಏನಂತೀರ?

ಆಶಾ ಅಕ್ಕ, ಬಾಗೇಪಲ್ಲಿ ಕಡೆ

ತಮಟೆ ಅಂದರೆ ನನಗೂ ಪ್ರಾಣ. ಆದರೆ ಬೇಡಪ್ಪ. ಜಾತ್ರೆಗೂ ತಮಟೆ, ಸಾವಿಗೂ ತಮಟೆ. ನೆಲದ ಮೇಲೆ ಗಂಡ ಎಚ್ಚರ ಇಲ್ಲದೆ ಬಿದ್ದಿರುವಾಗ ಫೋನಿಂದ ತಮಟೆ ಬಂದರೆ ಆ ಹೆಣ್ಣುಮಗಳ ಕೈ ಅಲ್ಲೇ ಸೋತು ಹೋಗುತ್ತೆ. ಮನುಷ್ಯರ ಧ್ವನಿ ಇರಲಿ. ‘ಒತ್ತಮ್ಮಾ, ಒತ್ತು, ಬಿಡಬೇಡ’ ಅನ್ನೋ ಥರ.

ಮಧುಗಿರಿ ಮೇಷ್ಟ್ರು

ನಾನು ಭಾನುವಾರ ಎಂಟನೇ ಕ್ಲಾಸಿನ ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಸಿಮೆಂಟ್ ನೆಲದ ಮೇಲೆ ದಪ್ಪ ಹತ್ತಿ ದಿಂಬು, ಅದಕ್ಕೊಂದು ಹಳೇ ಅಂಗಿ. ಗುಂಡಿ ಸಾಲಿನ ನಡುವೆ ಕೈ. ಫೋನ್ ಬೀಪ್ ಅನ್ನುತ್ತಿತ್ತು, ಮಕ್ಕಳು ಎಣಿಸುತ್ತಿದ್ದರು. ಹತ್ತರವರೆಗೆ ಚೆನ್ನಾಗಿ ಹೋಯಿತು. ಹನ್ನೊಂದು, ಹದಿನಾಲ್ಕು, ಹತ್ತೊಂಬತ್ತು ಬರುವಾಗ ನಾಲಿಗೆ ಹಿಂದೆ ಬಿತ್ತು, ಇಪ್ಪತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಕೈಯೂ ನಾಲಿಗೆಯ ಹಿಂದೆ ನಿಧಾನವಾಯಿತು. ನಮ್ಮ ಸಂಖ್ಯೆಗಳು ಉದ್ದ. ಸೆಕೆಂಡಿಗೆ ಎರಡರಂತೆ ‘ಇಪ್ಪತ್ತೆಂಟು, ಇಪ್ಪತ್ತೊಂಬತ್ತು’ ಎಂದು ಹೇಳಿ ನೋಡಿ, ತಿಳಿಯುತ್ತದೆ. ಅದಕ್ಕೆ ಒಂದರಿಂದ ಹತ್ತು, ಮತ್ತೆ ಒಂದರಿಂದ ಹತ್ತು, ಮೂರು ಸಲ ಎಂದು ಬದಲಿಸಿದೆ. ವೇಗ ಕೊನೆಯವರೆಗೂ ಒಂದೇ ಸಮ ಉಳಿಯಿತು.

ಎರಡು ನಿಮಿಷಕ್ಕೆ ಮಕ್ಕಳು ಬೆವತು ಹೋದರು. ಒಬ್ಬ ಹುಡುಗಿ ‘ಸಾರ್, ಪಕ್ಕೆಲುಬು ಮುರಿದರೆ?’ ಎಂದು ಕೇಳಿದಳು. ಡಾಕ್ಟರಮ್ಮನವರು ಉತ್ತರ ಕೊಟ್ಟರೆ ಅವಳಿಗೆ ತೋರಿಸುತ್ತೇನೆ.

ತಾಲೂಕು ಆಸ್ಪತ್ರೆ ವೈದ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ಅವಳಿಗೆ ಹೇಳಿ: ಮುರಿಯಬಹುದು ಪುಟ್ಟ, ಮುರಿದ ಎಲುಬು ಕೂಡಿಕೊಳ್ಳುತ್ತೆ. ನಿಲ್ಲಿಸಬೇಡ. ಎರಡು ನಿಮಿಷಕ್ಕೆ ಒಬ್ಬರು ಕೈ ಬದಲಿಸಿ, ಸುಸ್ತಾದ ಕೈ ಆಳಕ್ಕೆ ಒತ್ತಲ್ಲ.

ಮೇಷ್ಟ್ರೇ, ದಿಂಬಿನ ವಿಷಯವನ್ನು ಆಪ್‌ನಲ್ಲಿ ಮೊದಲ ಪಾಠವಾಗಿಯೇ ಇಡಿಸಿ. ಓದಿದ್ದು ತಲೆಯಲ್ಲಿರುತ್ತೆ, ಕೈಗೆ ಬರಲ್ಲ. ಕೈಗೆ ಬಂದಿದ್ದೂ ಕೆಲವೇ ತಿಂಗಳಲ್ಲಿ ಮರೆಯುತ್ತೆ. ಪದಕದ ಬದಲು ಮೂರು ತಿಂಗಳಿಗೊಮ್ಮೆ ‘ದಿಂಬು ತಗೊಳ್ಳಿ, ಎರಡು ನಿಮಿಷ’ ಅಂತ ಫೋನ್ ನೆನಪಿಸಲಿ.

ಆಶಾ ಅಕ್ಕ, ಬಾಗೇಪಲ್ಲಿ ಕಡೆ

ಚಿತ್ರದಲ್ಲಿ ಎಲ್ಲಾ ಗಂಡಸರೇ ಬಿದ್ದಿದ್ದಾರೆ, ಶರ್ಟು ಪ್ಯಾಂಟು. ಸೀರೆ ಉಟ್ಟ ಅಜ್ಜಿ ಬಿದ್ದರೆ? ಎದೆ ಮುಟ್ಟೋಕೆ ಎಲ್ಲರೂ ಹಿಂದೆ ಸರೀತಾರೆ, ಹೆಂಗಸರೂ ಸರೀತಾರೆ. ಸೆರಗಿನ ಮೇಲೆಯೇ ಒತ್ತಬಹುದು, ಸರ, ತಾಳಿ ಪಕ್ಕಕ್ಕೆ ಸರಿಸಿದರೆ ಸಾಕು ಅಂತ ಚಿತ್ರ ಬರೆಸಿ. ದಯವಿಟ್ಟು ಇದನ್ನು ಮರೀಬೇಡಿ.

ಮತ್ತೆ ಮಾತಿನ ವಿಷಯ. ನಮ್ಮ ಕಡೆ ಓದೋದು ಕನ್ನಡ, ಮನೇಲಿ ತೆಲುಗು. ಕೊಳಕುಮಂಡಲ ಅಂದರೆ ನಮ್ಮ ಅಜ್ಜಿಗಳಿಗೆ ತಿಳಿಯಲ್ಲ, ರಕ್ತಪಿಂಜರ ಅಂದರೆ ಎದ್ದು ಕೂರ್ತಾರೆ. ಕಟ್ಟುಹಾವು ಕಟ್ಲಪಾಮು. ರಾತ್ರಿ ನೆಲದ ಮೇಲೆ ಮಲಗಿದ್ದವರಿಗೆ ಅದು ಕಚ್ಚಿದರೆ ಗೊತ್ತೇ ಆಗಲ್ಲ, ಬೆಳಿಗ್ಗೆ ಹೊಟ್ಟೆನೋವು ಅಂತಾರೆ, ರೆಪ್ಪೆ ಜೋತು ಬೀಳುತ್ತೆ. ‘ಹಾವು ಕಚ್ಚಿದೆ’ ಬಟನ್ ಅವರು ಒತ್ತೋದೇ ಇಲ್ಲ, ಯಾಕಂದರೆ ಹಾವು ನೋಡೇ ಇಲ್ಲ. ‘ರೆಪ್ಪೆ ಜೋತು ಬೀಳ್ತಿದೆ’ ಅಂತ ಬೇರೆ ದಾರಿ ಬೇಕು. ಚಿಂತಾಮಣಿ, ಕೋಲಾರದ ಮುಸ್ಲಿಂ ಮನೆಗಳಿಗೆ ಉರ್ದು ಧ್ವನಿಯೂ ಬೇಕು.

ಪಾವಗಡ ಕಡಲೆಕಾಯಿ

ಮಗು ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡರೆ? ನಮ್ಮ ಊರಿನ ಅತಿ ದೊಡ್ಡ ಭಯ ಅದು. ಬಾಯೊಳಗೆ ಬೆರಳು ಹಾಕ್ತಾರೆ, ಅದು ಇನ್ನೂ ಒಳಗೆ ಹೋಗುತ್ತೆ.

ತಾಲೂಕು ಆಸ್ಪತ್ರೆ ವೈದ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಿನ ದನಿಯೂ ಬರುತ್ತಿಲ್ಲ ಅಂದರೆ ಮುಂದಕ್ಕೆ ಬಗ್ಗಿಸಿ ಭುಜದ ಎಲುಬುಗಳ ನಡುವೆ ಅಂಗೈ ಬುಡದಿಂದ ಐದು ಏಟು, ಹೋಗದಿದ್ದರೆ ಹಿಂದಿನಿಂದ ಅಪ್ಪಿ ಹೊಕ್ಕುಳ ಮೇಲ್ಗಡೆ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು, ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು, ತಿರುಗಿಸಿ ಎದೆಗೆ ಐದು. ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ಹುಡುಕಬೇಡಿ. ನಾಯಿ ಕಚ್ಚಿದ್ದಕ್ಕೆ: ಖಾರದ ಪುಡಿಯ ಕೈಗೆ ಸೋಪು ಕೊಡಿ, ನಲ್ಲಿ ಕೆಳಗೆ 15 ನಿಮಿಷ ತೊಳೆಸಿ, ಅದೇ ದಿನ ಲಸಿಕೆ. ಗೀರು ಅಂತ ಬಿಡಬೇಡಿ.

ಕೊರಟಗೆರೆ ಹುಡುಗ

ಎರಡು ವಾರ ಆದ ಮೇಲೆ ಬರೀತಿದ್ದೀನಿ. 24 ವಿಷಯ ಒಂಬತ್ತಕ್ಕೆ ಇಳಿದಿದೆ, ಕೃಷಿ ಹೊಂಡ ಸೇರಿದೆ. ಲಾಗಿನ್ ಇಲ್ಲ, ಪದಕ ಇಲ್ಲ, ನೆಟ್ ಬೇಕಿಲ್ಲ. ತೆರೆದರೆ ಎರಡೇ ಬಾಗಿಲು: ‘ಈಗ ಆಗಿದೆ’, ‘ಕಲೀಬೇಕು’. ಮೊದಲನೆಯದನ್ನು ಒತ್ತಿದರೆ ಪರದೆ ಆರಲ್ಲ, ದನಿ ತಾನಾಗೇ ಜೋರಾಗುತ್ತೆ. ಕೀಪ್ಯಾಡ್ ಫೋನಿನವರಿಗಾಗಿ ಅಂಗನವಾಡಿ ಗೋಡೆಗೆ ಅಂಟಿಸೋ ಒಂದೊಂದು ಹಾಳೆಯೂ ತಯಾರಾಗ್ತಿದೆ.

ನಿನ್ನೆ ಫೋನನ್ನು ಚಿಕ್ಕಮ್ಮನ ಕೈಗೆ ಕೊಟ್ಟು, ಚಿಕ್ಕಪ್ಪನನ್ನು ಜಗುಲಿ ಮೇಲೆ ಮಲಗಿಸಿದೆ. ನಾನು ಏನೂ ಹೇಳಲಿಲ್ಲ. ಫೋನ್ ‘ಒಂದು ಪಟ್ಟಿ ತನ್ನಿ, ಒಂದು ಟವಲ್ ತನ್ನಿ’ ಅಂತು. ಎದ್ದು ಹೋಗಿ ಅಡಿಕೆ ದಬ್ಬೆ ತಂದರು. ಮೊಣಕಾಲಿಂದ ಹಿಮ್ಮಡಿವರೆಗೆ ಪಕ್ಕಕ್ಕಿಟ್ಟು ಟವಲ್ ಸುತ್ತಿದರು. ಮೊದಲ ಸುತ್ತು ಬಿಗಿಯಾಯ್ತು. ಫೋನ್ ‘ಒಂದು ಬೆರಳು ಹಾಕಿ ನೋಡಿ’ ಅಂದಾಗ ಬೆರಳು ಹೋಗಲಿಲ್ಲ, ಬಿಚ್ಚಿ ಮತ್ತೆ ಸುತ್ತಿದರು. ಎರಡನೇ ಸಲ ಬೆರಳು ಹೋಯ್ತು. ಆಮೇಲೆ ನನ್ನ ಕಡೆ ತಿರುಗಿ ‘ಆ ಹುಡುಗಿ ತುಂಬಾ ಬೇಗ ಮಾತಾಡ್ತಾಳೆ ಕಣೋ, ಅಷ್ಟು ಬೇಗ ಹೇಳಿದರೆ ದಬ್ಬೆ ಎಲ್ಲಿ ಹುಡುಕೋದು’ ಅಂದರು. ಹಾಗಾದರೆ ನೀವೇ ಹೇಳಿ ಅಂತ ರೆಕಾರ್ಡ್ ಮಾಡಿಕೊಂಡೆ. ಕನ್ನಡದ ಹಾವಿನ ಪುಟದ ದನಿ ಈಗ ಅವರದ್ದು.

ಬಾಗೇಪಲ್ಲಿ ಅಕ್ಕಾ, ತೆಲುಗು ದನಿ ನೀವು ಕೊಡ್ತೀರಾ? ಎದೆ ಒತ್ತೋವಾಗ ಎಣಿಸೋದೂ ನೀವೇ ಆಗಬೇಕು.

ಆಶಾ ಅಕ್ಕ, ಬಾಗೇಪಲ್ಲಿ ಕಡೆ

ಕೊಡ್ತೀನಿ. ಗುರುವಾರ ಬೇಡ, ಲಸಿಕೆ ದಿನ. ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಫೋನ್ ಮಾಡು. ತೆಲುಗಲ್ಲೂ ಹತ್ತರ ಮೇಲೆ ಸಂಖ್ಯೆ ಉದ್ದಾನೇ, ಮೂರು ಸಲ ಹತ್ತೇ ಎಣಿಸ್ತೀನಿ.